ದಾರ ಹಿಡಿಯಲು ಇನ್ನೊಬ್ಬರು

ಮಾರ್ಚ್ 4

ಮೆಣಸಿನಕಾಯಿಯ ಅಪ್ಪನಿಗೆ,

ಈ ಅಕ್ಷರ ಯಾರದೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ನಾನು ದರ್ಜಿ. ನೀವು ಮೆಣಸಿನಕಾಯಿ ಎಂದು ಕರೆಯುವ ನಿಮ್ಮ ಮಗಳ ಅಮ್ಮನನ್ನು ಎರಡು ವರ್ಷದ ಹಿಂದೆ ಮದುವೆಯಾದವನು. ನಾವಿಬ್ಬರೂ ಮಾತಾಡಿರುವುದು ಫೋನಿನಲ್ಲಿ ಮಾತ್ರ, ಅದೂ "ಇರಿ, ಕರೀತೀನಿ" ಎಂಬಷ್ಟೇ. ಇದನ್ನೂ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಮ್ಮ ಫೋನು ಇರುವುದು ನಡುಮನೆಯಲ್ಲಿ, ನಿಮ್ಮ ಮಗಳ ಕಿವಿ ಇರುವುದೂ ಅಲ್ಲೇ.

ವಿಷಯಕ್ಕೆ ಬರುತ್ತೇನೆ. ನೀವು ಅವಳಿಗೆ ಬಿಟ್ಟುಹೋದ ಗಾಳದ ಕೋಲು, ಅದಕ್ಕೆ ದಾರ ಸುತ್ತುವ ಸ್ಪಿನ್ನಿಂಗ್ ರೀಲು ಎರಡನ್ನೂ ಅವಳು ಮಂಚದ ಕೆಳಗೆ ಹಳೆಯ ಟವೆಲಿನಲ್ಲಿ ಸುತ್ತಿಟ್ಟುಕೊಂಡಿದ್ದಾಳೆ. ಹೋದ ಭಾನುವಾರ ಕೆರೆಯಲ್ಲಿ ಮೊದಲ ಬಾರಿಗೆ ಒಂದು ದೊಡ್ಡ ಮೀನು ಕಚ್ಚಿತು. ದಡಕ್ಕೆ ಇನ್ನೇನು ಬಂತು ಅನ್ನುವಾಗ ದಾರ ಪಟ್ಟನೆ ಹರಿಯಿತು. ನೀವು ಸುತ್ತಿಕೊಟ್ಟಿದ್ದ ದಾರವೇ ಅದು, ಹಳತಾಗಿ ಪೆಡಸಾಗಿತ್ತು. ಅವಳು ಅಳಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

ದಾರದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗೆ. ಮಾರನೇ ದಿನವೇ ಗಾಳ ಮಾರುವ ಅಂಗಡಿಗೆ ಹೋದೆ. ಗೋಡೆಯ ತುಂಬ ನಂಬರುಗಳು: ಆರು, ಎಂಟು, ಹನ್ನೆರಡು, ಮೂವತ್ತು. ನಮ್ಮ ಕಸುಬಿನಲ್ಲಿ ನಂಬರು ಹೆಚ್ಚಾದಷ್ಟೂ ದಾರ ಸಣ್ಣ. ಕ್ಯಾನ್ವಾಸಿಗೆ ಇಪ್ಪತ್ತು, ಪ್ಯಾಂಟಿಗೆ ನಲವತ್ತು, ಷರ್ಟಿಗೆ ಅರವತ್ತು. ಮಕ್ಕಳ ಕೈಗೆ ಸಣ್ಣದೇ ಇರಲಿ ಎಂದು ಮೂವತ್ತು ತಂದೆ. ಮುಟ್ಟಿದರೆ ಒರಟಾಗಿತ್ತು. ಮೀನಿನ ದಾರ ಅಂದರೆ ಹೀಗೇ ಇರುತ್ತದೇನೋ ಅಂದುಕೊಂಡೆ. ಬಾಬಿನ್ನಿಗೆ ಸುತ್ತುವಾಗ ಮಾಡುವ ಹಾಗೆ ದಾರದುಂಡೆಯನ್ನು ಪೆನ್ಸಿಲಿಗೆ ಸಿಕ್ಕಿಸಿ, ಅದು ಗಿರಗಿರ ತಿರುಗುತ್ತಿರಲು ರೀಲಿಗೆ ಸುತ್ತಿದೆ. ಅಂಚು ತುಂಬಿ ತುಳುಕುವವರೆಗೆ ಸುತ್ತಿದೆ. ಕಡಿಮೆ ಸುತ್ತಿದರೆ ಜಿಪುಣ ಅಂದಾಳು ಎಂಬ ಹೆದರಿಕೆ.

ಅವಳು ಕೋಲು ಬೀಸಿದ್ದೇ ತಡ, ಅಷ್ಟೂ ದಾರ ಸುರುಳಿ ಸುರುಳಿಯಾಗಿ ಹೊರಗೆ ನೆಗೆದು ಹಕ್ಕಿಗೂಡಾಯಿತು. ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಬಿಡಿಸಿದಳು. ಆಮೇಲೆ ಎಲ್ಲವನ್ನೂ ಕತ್ತರಿಸಿ ಹಾಕಿದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. "ಅಪ್ಪ ರಜೆಗೆ ಬರ್ತಾರಲ್ಲ, ಅವರೇ ಸುತ್ತಿ ಕೊಡ್ತಾರೆ. ನೀವು ಇನ್ಮೇಲೆ ಇದನ್ನ ಮುಟ್ಬೇಡಿ" ಅಂದಳು. ಅಂದಿನಿಂದ ನನಗೆ ಹೇಳಬೇಕಾದದ್ದನ್ನೆಲ್ಲ ಅವಳಮ್ಮನಿಗೆ ಹೇಳುತ್ತಾಳೆ. "ಟೇಲರ್‌ಗೆ ಹೇಳಮ್ಮ, ಉಪ್ಪು ಈ ಕಡೆ ಸರಿಸ್ಬೇಕು ಅಂತ." ನಾನು ಎದುರಿಗೇ ಕೂತಿರುತ್ತೇನೆ.

ಎರಡು ವರ್ಷದಲ್ಲಿ ಅವಳು ಚೂರು ಚೂರೇ ನನ್ನೊಡನೆ ಮಾತಿಗೆ ಬಂದಿದ್ದಳು. ಅದು ಕಳೆದುಹೋದರೆ ಮತ್ತೆ ಸಂಪಾದಿಸಲು ನನ್ನಿಂದ ಆದೀತೆಂಬ ನಂಬಿಕೆ ಇಲ್ಲ. ಆದ್ದರಿಂದ ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಯಾವ ದಾರ ತರಬೇಕು, ಹೇಗೆ ಸುತ್ತಬೇಕು? ನೀವು ಎಂದು ಬರುತ್ತೀರೆಂಬುದನ್ನೂ ತಿಳಿಸಿ.

ದರ್ಜಿ


ಮಾರ್ಚ್ 15

ದರ್ಜಿಯವರಿಗೆ,

ಕಾಗದ ಓದಿ ನಕ್ಕೆ. ಮೂವತ್ತರ ದಾರದಲ್ಲಿ ಮೀನಲ್ಲ, ಮುಳುಗಿದ ದೋಣಿ ಎತ್ತಬಹುದು. ನಿಮ್ಮ ನಂಬರು ನಿಮ್ಮ ಅಂಗಡಿಯಲ್ಲೇ ಇರಲಿ. ನಮ್ಮದರಲ್ಲಿ ನಂಬರು ಎಂದರೆ ದಾರ ತಡೆಯುವ ಭಾರ. ಹೆಚ್ಚಾದಷ್ಟೂ ದಪ್ಪ.

ಆರರದ್ದು ತನ್ನಿ. ಒಂಟಿ ಎಳೆಯ ನೈಲಾನ್. ಅಂಗಡಿಯವನು ಹೆಣೆದ ದಾರ ತೋರಿಸಿ ಹೊಗಳುತ್ತಾನೆ, ಅದು ಬೇಡ. ಗಟ್ಟಿ ಎನ್ನುವುದು ನಿಜ. ಆದರೆ ಹಿಗ್ಗುವುದಿಲ್ಲ, ರೀಲಿನ ಬೋಳು ಉರುಳೆಯ ಮೇಲೆ ಜಾರುತ್ತದೆ, ಮಕ್ಕಳ ಬೆರಳು ಕೊಯ್ಯುತ್ತದೆ. ನೈಲಾನ್ ಹಿಗ್ಗುತ್ತದೆ. ಮೀನು ಜಗ್ಗಿದಾಗ ಹಿಡಿದವರ ತಪ್ಪನ್ನು ಸ್ವಲ್ಪ ಮನ್ನಿಸುತ್ತದೆ.

ಪೆನ್ಸಿಲು ಬಿಸಾಕಿ. ನಿಮ್ಮ ಬಾಬಿನ್ನು ತಾನೇ ತಿರುಗುತ್ತದೆ. ಈ ರೀಲಿನಲ್ಲಿ ಉರುಳೆ ಕೂತಲ್ಲೇ ಕೂತಿರುತ್ತದೆ, ತಂತಿಯ ಕಮಾನು ಅದರ ಸುತ್ತ ಓಡಿ ದಾರ ಸುತ್ತುತ್ತದೆ. ಪ್ರತಿ ಸುತ್ತಿಗೂ ಒಂದು ತಿರುಚು ಬೀಳುತ್ತದೆ. ದಾರದುಂಡೆಯನ್ನು ಅದಕ್ಕೆ ಅಂಟಿಸಿದ ಚೀಟಿ ಮೇಲೆ ಬರುವ ಹಾಗೆ ನೆಲದ ಮೇಲೆ ಮಲಗಿಸಿ. ದಾರ ಅದರ ಮೇಲ್ಬದಿಯಿಂದ ಸುರುಳಿಯಾಗಿ ಏಳಬೇಕು. ಆಗ ಉಂಡೆಯ ತಿರುಚು ರೀಲಿನ ತಿರುಚನ್ನು ಬಿಡಿಸುತ್ತದೆ. ಸ್ವಲ್ಪ ಸುತ್ತಿ ನಿಲ್ಲಿಸಿ, ದಾರ ಸಡಿಲ ಬಿಡಿ. ಸುಮ್ಮನೆ ಜೋತರೆ ಸರಿ. ಹುರಿಗೊಂಡರೆ ಉಂಡೆಯನ್ನು ಮಗುಚಿ ಹಾಕಿ. ಅಂಚಿನ ಕೆಳಗೆ ಎರಡು ನಾಣ್ಯದ ದಪ್ಪದಷ್ಟು ಜಾಗ ಬಿಡಿ. ಇದು ಗೋಣಿಚೀಲ ಅಲ್ಲ, ತುಂಬಿದಷ್ಟೂ ಲಾಭ ಅನ್ನುವುದಕ್ಕೆ.

ಬರುವುದು ಬಂದರಿನ ಕೆಲಸ ನೋಡಿಕೊಂಡು. ಕ್ರೇನ್ ಓಡಿಸುವವನು ಮನಸ್ಸು ಬಂದ ಹಾಗೆ ಇಳಿದು ಬರಲಾಗುವುದಿಲ್ಲ.

ಮೆಣಸಿನಕಾಯಿಯ ಅಪ್ಪ


ಮಾರ್ಚ್ 27

ಮೆಣಸಿನಕಾಯಿಯ ಅಪ್ಪನಿಗೆ,

ನಕ್ಕಿದ್ದಕ್ಕೆ ಬೇಸರವಿಲ್ಲ. ಗಿರಾಕಿಗಳು ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುವುದನ್ನು ನೋಡಿ ನಾನೂ ನಗುತ್ತೇನೆ.

ಆರರ ನೈಲಾನ್ ತಂದೆ. ಅಂಗಡಿಯವನು ನೀವು ಹೇಳಿದ ಹಾಗೇ ಹೆಣೆದ ದಾರದ ಗುಣಗಾನ ಮಾಡಿದ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ಟವೆಲು ಬಿಚ್ಚಿ ಕೋಲನ್ನೂ ರೀಲನ್ನೂ ನನ್ನ ಅಂಗಡಿಗೆ ತಂದೆ. ಕಳ್ಳತನವೇ ಅನ್ನಿ. ಮೊದಲು ಗಂಟು ಹಾಕಿ ಹಿಡಿಕೆ ತಿರುಗಿಸಿದರೆ ಕಮಾನು ಖಾಲಿ ಸುತ್ತುತ್ತದೆ, ದಾರ ಬರುವುದೇ ಇಲ್ಲ. ಹೋದ ಸಲ ಅದು ತೆರೆದೇ ಇತ್ತೇನೋ. ಕಮಾನು ತೆರೆದಿಟ್ಟು ಆಮೇಲೆ ಗಂಟು ಹಾಕಬೇಕೆಂದು ನೀವು ಬರೆದಿರಲಿಲ್ಲ. ಮೀನುಗಾರರಿಗೆ ಅದು ಹೇಳುವಂಥ ಮಾತಲ್ಲವೇನೋ. ಬಿಚ್ಚಿ ಮತ್ತೆ ಹಾಕಿದೆ. ಚೀಟಿ ಮೇಲೆ, ಉಂಡೆ ನೆಲದ ಮೇಲೆ, ಎರಡು ನಾಣ್ಯ. ಎಲ್ಲವೂ ನೀವು ಹೇಳಿದ ಹಾಗೇ. ದಾರ ಸುಮ್ಮನೆ ಜೋತಿತು. ಖುಷಿಯಾಯಿತು.

ಆದರೂ ಕೆಟ್ಟಿತು. ಅಂಗಡಿಯ ಹಿಂದಿನ ಓಣಿಯಲ್ಲಿ ದಾರದ ತುದಿಗೆ ಓವರ್‌ಕೋಟಿನ ಗುಂಡಿ ಕಟ್ಟಿ ಬೀಸಿ ನೋಡಿದೆ. ಮೊದಲ ಸಲ ಚೆನ್ನಾಗಿ ಹೋಯಿತು. ಎರಡನೇ ಸಲ ಮೇಲಿನ ಸುತ್ತು ಕೆಳಗಿನ ಸುತ್ತಿನೊಳಗೆ ಹೂತುಕೊಂಡು ಗುಂಡಿ ಪಕ್ಕದ ಮನೆಯ ಕಿಟಕಿಗೆ ಬಡಿಯಿತು. ಸುತ್ತಿದ್ದು ಸಡಿಲವಾಗಿದೆ, ಅಷ್ಟು ನನಗೆ ಗೊತ್ತಾಗುತ್ತದೆ. ನನ್ನ ಮಿಷನ್ನಿನಲ್ಲಿ ಕಾಲು ದುಡಿಯುತ್ತದೆ, ಕೈಯೆರಡೂ ದಾರಕ್ಕೆ. ನಿಮ್ಮ ರೀಲಿಗೆ ಪೆಡಲೇ ಇಲ್ಲ. ಕೋಲು ತೊಡೆಸಂದಿಯಲ್ಲಿ, ಹಿಡಿಕೆ ಒಂದು ಕೈಯಲ್ಲಿ, ಉಳಿದ ಒಂದರಲ್ಲಿ ಕೋಲು ಬೀಳದ ಹಾಗೆ ಹಿಡಿಯಲೋ, ದಾರ ಬಿಗಿ ಮಾಡಲೋ? ನೀವೇನು ಮಾಡುತ್ತಿದ್ದಿರಿ? ಸದ್ಯಕ್ಕೆ ಆ ದಾರ ತೆಗೆದು ಎಲ್ಲವನ್ನೂ ಮತ್ತೆ ಟವೆಲಿನಲ್ಲಿ ಸುತ್ತಿಟ್ಟಿದ್ದೇನೆ.

ಇನ್ನೊಂದು. ನಿಮ್ಮ ಕಾಗದದ ಅಕ್ಷರ ಅವಳ ಹಳೆಯ ಪುಸ್ತಕಗಳ ಮೇಲೆ ನೀವು ಬರೆದ ಅಕ್ಷರದಂತಿಲ್ಲ. ಸಹಿ ಮಾತ್ರ ಬೇರೆ ಮಸಿಯಲ್ಲಿದೆ, ಅದೂ ಬಟ್ಟೆ ಒತ್ತಿ ಹಿಡಿಯುವ ಪಾದ ಸಡಿಲಾದ ಮಿಷನ್ನಿನ ಹೊಲಿಗೆಯಂತೆ ಅಡ್ಡಾದಿಡ್ಡಿ. ಯಾರ ಕೈಲಿ ಬರೆಸುತ್ತೀರಿ?

ಅವಳು ಗಾಳದ ಡಬ್ಬಿಯನ್ನು ಈಗಲೇ ಬಾಗಿಲ ಬಳಿ ತಂದಿಟ್ಟಿದ್ದಾಳೆ. ದಿನಾ ಎಲ್ಲರೂ ಅದನ್ನು ಎಡವುತ್ತೇವೆ. "ಅಪ್ಪ ಬಂದ ತಕ್ಷಣ ಹೊರಡ್ಬೇಕು, ಹುಡುಕ್ತಾ ಕೂರೋಕಾಗಲ್ಲ" ಎನ್ನುತ್ತಾಳೆ. ತಾರೀಖು ಬರೆಯಿರಿ.

ದರ್ಜಿ


ಏಪ್ರಿಲ್ 10

ದರ್ಜಿಯವರಿಗೆ,

ಈ ರಜೆಗೆ ಬರಲಾಗುವುದಿಲ್ಲ. ಕೆಲಸ ಜಾಸ್ತಿ ಇದೆ ಎಂದು ಹೇಳಿ. ನಾನು ಹೇಳಿದರೆ ನೂರು ಪ್ರಶ್ನೆ ಕೇಳುತ್ತಾಳೆ, ನೀವೇ ಹೇಳಿಬಿಡಿ. ಡಬ್ಬಿಯನ್ನು ಒಳಗಿಡಲು ಹೇಳಿ.

ಅಕ್ಷರ ಕ್ಯಾಂಟೀನಿನ ಕ್ಯಾಷಿಯರನದು. ನನಗೆ ಪುರುಸೊತ್ತಿಲ್ಲ. ರೀಲಿನ ವಿಷಯ ನನಗೆ ಗೊತ್ತಿದ್ದಷ್ಟು ಹೇಳಿದ್ದೇನೆ.

ಮೆಣಸಿನಕಾಯಿಯ ಅಪ್ಪ


ಏಪ್ರಿಲ್ 14

ಸ್ವಾಮಿ,

ನಾನು ಹೇಳುವುದಿಲ್ಲ. ಬರುವುದಿಲ್ಲ ಎಂಬುದನ್ನು ಹೇಳುವ ಬಾಯಿ ನಿಮ್ಮದಾಗಿರಬೇಕು, ನನ್ನದಲ್ಲ. ಈಗಾಗಲೇ ಅವಳ ಪಾಲಿಗೆ ದಾರ ಹಾಳುಮಾಡಿದವನು ನಾನು. ಅವಳ ಅಪ್ಪನನ್ನು ಬರದಂತೆ ಮಾಡಿದವನೂ ನಾನೇ ಎಂದಾಗಬೇಕೇ?

ಬರೆಯಬಾರದೆಂದು ಇಷ್ಟು ದಿನ ತಡೆದುಕೊಂಡೆ. ಈಗ ಬರೆದುಬಿಡುತ್ತೇನೆ. ಭಾನುವಾರ ನೀವು ಫೋನು ಮಾಡಿದಾಗ ಅತ್ತಲಿಂದ ಲೋಟ ಟಣಟಣ ಬಡಿಯುವ ಸದ್ದು ಕೇಳುತ್ತದೆ. ಸಹಿ ನೋಡಿದ್ದೇನೆ. ಕಾಗದ ಬರೆಯಲೂ ಇನ್ನೊಬ್ಬ ಬೇಕು. ಕುಡಿತ ಎಲ್ಲಿಗೆ ಒಯ್ಯುತ್ತದೆಂದು ನನಗೆ ಹೊಸದಾಗಿ ಯಾರೂ ಹೇಳಬೇಕಾಗಿಲ್ಲ, ನನ್ನ ಅಣ್ಣನನ್ನು ಕಂಡಿದ್ದೇನೆ. ಕ್ರೇನಿನ ಮೇಲೆ ಕೂರುವ ಮನುಷ್ಯ ನೀವು. ನಿಮ್ಮ ಕೆಳಗೆ ಜನ ಓಡಾಡುತ್ತಾರೆ.

ಬಾಟಲಿ ಬಿಟ್ಟು ಎರಡು ದಿನಕ್ಕಾದರೂ ಬನ್ನಿ. ಇಲ್ಲವೇ ಅವಳಿಗೆ ನೀವೇ ಹೇಳಿ. ಅವಳು ಡಬ್ಬಿಯನ್ನು ಒಳಗಿಡುವುದಿಲ್ಲ. ನಾನೂ ಇಡು ಅನ್ನುವುದಿಲ್ಲ.

ದರ್ಜಿ


ಮೇ 6

ದರ್ಜಿಗೆ,

ಇದು ನನ್ನ ಕೈಬರಹ. ಕಷ್ಟಪಟ್ಟು ಓದಿ. ನಾಲ್ಕು ದಿನ ಸ್ವಲ್ಪ ಸ್ವಲ್ಪವೇ ಬರೆದಿದ್ದೇನೆ.

ನಾನು ಕುಡಿಯುವುದಿಲ್ಲ. ಅದು ಚಹಾದ ಲೋಟ. ಕೈ ನಡುಗುತ್ತದೆ. ಎರಡು ವರ್ಷದಿಂದ ಇತ್ತು, ಈ ವರ್ಷ ಜಾಸ್ತಿಯಾಗಿದೆ. ಸುಮ್ಮನಿದ್ದರೆ ಸರಿಯಾಗಿರುತ್ತದೆ, ಏನಾದರೂ ಸಣ್ಣದನ್ನು ಹಿಡಿಯಲು ಹೋದರೆ ಶುರು. ಜನವರಿಯಲ್ಲಿ ಕ್ರೇನಿನಿಂದ ಇಳಿಸಿದರು. ನೀವು ಬರೆದದ್ದು ಸರಿಯೇ, ಕೆಳಗೆ ಜನ ಓಡಾಡುತ್ತಾರೆ. ಈಗ ಬಂದರಿನ ಗೇಟಿನಲ್ಲಿ ಲಾರಿಗಳಿಗೆ ಅಡ್ಡಕಂಬಿ ಎತ್ತುತ್ತೇನೆ. ಅವಳಿಗೆ ಈಗಲೂ ಕ್ರೇನಿನ ಕಥೆಯನ್ನೇ ಹೇಳುತ್ತೇನೆ. ಮೇಲಿಂದ ಹಡಗುಗಳು ಹೇಗೆ ಕಾಣುತ್ತವೆ ಅಂತ ಕೇಳುತ್ತಾಳಲ್ಲ, ಏನು ಹೇಳಲಿ?

ಗಾಳಕ್ಕೆ ಗಂಟು ಹಾಕುವುದನ್ನು ಅವಳಿಗೆ ಕಲಿಸಿದವನು ನಾನು. ಈಗ ದಾರವನ್ನು ಗಾಳದ ಕಣ್ಣಿಗೆ ಪೋಣಿಸಲೂ ಆಗುವುದಿಲ್ಲ. ಮಗಳ ಎದುರು ಕೂತು ಮೂರು ಸಲ ತಪ್ಪಿಸಿ ನಾಲ್ಕನೇ ಸಲಕ್ಕೆ ಬೆರಳು ಚುಚ್ಚಿಕೊಳ್ಳುವ ಅಪ್ಪನನ್ನು ಅವಳು ನೋಡುವುದು ನನಗೆ ಬೇಡ. ಅದಕ್ಕೇ ಬರುವುದಿಲ್ಲ. ಅವಳಿಗೆ ಹೇಳಬೇಡಿ.

ದಾರ ಸಡಿಲಾಗುವುದರ ಬಗ್ಗೆ. ಗೊತ್ತಿತ್ತು, ಬರೆಯಲಿಲ್ಲ. ಹೊಟ್ಟೆಕಿಚ್ಚು. ಅದು ಇಬ್ಬರ ಕೆಲಸ. ಒಬ್ಬರು ಹಿಡಿಕೆ ತಿರುಗಿಸಬೇಕು, ಇನ್ನೊಬ್ಬರು ರೀಲಿನ ಮುಂದೆ ಕೂತು ಒದ್ದೆ ಬಟ್ಟೆಯಲ್ಲಿ ದಾರವನ್ನು ಎರಡು ಬೆರಳಿನ ನಡುವೆ ಒತ್ತಿ ಹಿಡಿಯಬೇಕು. ಜಾಸ್ತಿ ಒತ್ತಿದರೆ ದಾರ ಬಿಸಿಯಾಗುತ್ತದೆ, ಕಡಿಮೆಯಾದರೆ ಸಡಿಲ. ನಮ್ಮನೆಯಲ್ಲಿ ಹಿಡಿಯುತ್ತಿದ್ದವಳು ಅವಳೇ. ಐದು ವರ್ಷದ ಮಗುವಾಗಿದ್ದಾಗಿಂದ. ಅಷ್ಟು ಹದವಾಗಿ ಹಿಡಿಯುವವರನ್ನು ನಾನು ಕಂಡಿಲ್ಲ.

ಅವಳನ್ನು ಕೂರಿಸಿಕೊಳ್ಳಿ.


ಮೇ 15

ಅಣ್ಣನಿಗೆ,

ಹೀಗೆ ಕರೆಯಬಹುದೋ ಇಲ್ಲವೋ, ಕರೆದುಬಿಟ್ಟೆ. ಕುಡಿತದ ಮಾತಿಗೆ ನನಗೆ ಎಷ್ಟು ನಾಚಿಕೆಯಾಗಿದೆ ಎಂದರೆ, ಈ ಕಾಗದವನ್ನು ಎರಡು ಸಲ ಹರಿದುಹಾಕಿದ್ದೇನೆ. ನನ್ನ ಒಡಹುಟ್ಟಿದ ಅಣ್ಣನ ಲೋಟದ ಸದ್ದನ್ನೇ ಎಲ್ಲರ ಲೋಟದಲ್ಲೂ ಕೇಳುತ್ತೇನೆ. ಕ್ಷಮಿಸಿ.

ನಿಮ್ಮ ಮಗಳ ಅಮ್ಮನನ್ನು ನಿಮ್ಮ ಹೆಸರೆತ್ತದೆ ಕೇಳಿದೆ, ಒಬ್ಬರಿಗೆ ಕೈ ನಡುಗುತ್ತದಂತೆ, ಏನಿರಬಹುದು ಎಂದು. ಔಷಧಿ ಅಂಗಡಿಯಲ್ಲಿ ಇಷ್ಟು ವರ್ಷ ದುಡಿದವಳ ಹತ್ತಿರ ನನ್ನ ಜಾಣತನ ನಡೆಯುತ್ತದೆಯೇ? ನನ್ನ ಮುಖವನ್ನೊಮ್ಮೆ ನೋಡಿ, "ನಡುಕ ಅಂದ ತಕ್ಷಣ ದೊಡ್ಡ ಕಾಯಿಲೇನೇ ಆಗ್ಬೇಕಿಲ್ಲ. ಒಳ್ಳೆ ಡಾಕ್ಟರ್‌ಗೆ ತೋರಿಸಿದಾರಾ ಕೇಳಿ ಮೊದ್ಲು. ತೋರಿಸಿರಲ್ಲ, ನಂಗೊತ್ತು ಆ ಮನುಷ್ಯ" ಅಂದಳು. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ದಯವಿಟ್ಟು ತೋರಿಸಿ.

ಇನ್ನು ರೀಲಿನ ವಿಷಯ. ನಿನ್ನೆ ಸಂಜೆ ಅಂಗಡಿ ಬೇಗ ಮುಚ್ಚಿ ಹೊಸ ದಾರದುಂಡೆ ಹಿಡಿದು ಅವಳ ಬಾಗಿಲಲ್ಲಿ ನಿಂತೆ. "ಇದು ಇಬ್ಬರ ಕೆಲಸವಂತೆ. ನೀನು ಹಿಡಿದ್ರೆ ನಾನು ತಿರುಗಿಸ್ತೀನಿ" ಅಂದೆ. ಅವಳು ಉಂಡೆ ನೋಡಿದಳು, ನನ್ನನ್ನು ನೋಡಿದಳು. "ಯಾರು ಹೇಳಿದ್ದು?" "ನಿಮ್ಮಪ್ಪ." ಎದ್ದು ಹೋಗಿ ಬಟ್ಟೆ ಒದ್ದೆ ಮಾಡಿ ತಂದು, ನೆಲದ ಮೇಲೆ ನನ್ನೆದುರು ಕೂತಳು. ಉಂಡೆಯನ್ನು ಚೀಟಿ ಮೇಲೆ ಮಾಡಿ ಇಟ್ಟವಳೂ ಅವಳೇ. ಎಲ್ಲ ಗೊತ್ತಿತ್ತು ಅವಳಿಗೆ. ಇಷ್ಟು ದಿನ ನನ್ನ ಹತ್ತಿರ ಹೇಳಿರಲಿಲ್ಲ, ಅಷ್ಟೇ. ಅಪ್ಪ ಮಗಳು ಇಬ್ಬರದೂ ಒಂದೇ ಬುದ್ಧಿ.

ನಾನು ತಿರುಗಿಸಿದೆ. ಅವಳ ಬೆರಳುಗಳ ನಡುವಿನಿಂದ ದಾರ ಸರಸರನೆ ಬಂದು ಉರುಳೆಯ ಮೇಲೆ ಒಂದರ ಪಕ್ಕ ಒಂದು ಕೂತಿತು. ಅಂಥ ಹೊಲಿಗೆ ಹಾಕುವವರನ್ನು ಕಂಡರೆ ನಾನು ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ. ಗುಂಡಿ ಕಟ್ಟಿ ನೋಡೋಣವೆಂದು ತುದಿಗೆ ಗಂಟು ಹಾಕಿ, ಅಭ್ಯಾಸಬಲದಿಂದ ಹೆಚ್ಚಿನ ದಾರವನ್ನು ಹಲ್ಲಿನಲ್ಲಿ ಕಡಿದೆ. "ಅಯ್ಯೋ ಟೇಲರೇ!" ಎಂದು ನಕ್ಕಳು. ನನ್ನ ಮುಖ ನೋಡಿಯೇ ನಕ್ಕಳು.

ಈಗ ಮುಖ್ಯವಾದದ್ದು. ನಾನು ನಿಮ್ಮ ಕೈಯ ವಿಷಯ ತುಟಿಪಿಟಕ್ಕೆನ್ನಲಿಲ್ಲ. ಅವಳೇ ದಾರ ಹಿಡಿದುಕೊಂಡು, ತಲೆ ಎತ್ತದೆ ಕೇಳಿದಳು, "ಅಪ್ಪನ ಕೈ ಇನ್ನೂ ನಡುಗುತ್ತಾ?" ನನ್ನ ಕೈಯಲ್ಲಿದ್ದ ಹಿಡಿಕೆ ಅಲ್ಲೇ ನಿಂತಿತು. "ಹೋದ ಸಲ ಬಂದಾಗ ಗಂಟನ್ನೆಲ್ಲ ನನ್ನ ಕೈಲೇ ಹಾಕಿಸಿದ್ರು. ಕಲೀಲಿ ಅಂತ, ಅಂದ್ರು. ನಂಗೆ ಆಗ್ಲೇ ಬರ್ತಿತ್ತು. ಅವರಿಗೆ ಬೇಜಾರಾಗತ್ತೆ ಅಂತ ಬರಲ್ಲ ಅನ್ನೋ ಥರ ಮಾಡ್ದೆ."

"ನೀನೇ ಕೇಳು ಅವರನ್ನ" ಅಂದೆ. "ಕೇಳಲ್ಲ. ಕೇಳಿದ್ರೆ ಬರೋದೇ ಇಲ್ಲ" ಅಂದಳು. ಅದಕ್ಕೇ ನೋಡಿ, ಡಬ್ಬಿ ಬಾಗಿಲ ಬಳಿಯೇ ಇದೆ.

ಅಣ್ಣ, ಒಂದು ಭುಜ ಇಳಿದವರಿಗೆ ಕೋಟಿನೊಳಗೆ ಪ್ಯಾಡ್ ಇಟ್ಟು ಯಾರಿಗೂ ಗೊತ್ತಾಗದಂತೆ ಮಾಡುವುದು ನನ್ನ ಕಸುಬು. ಮುಚ್ಚಿಡುವವರನ್ನು ನಾನು ಹೀಯಾಳಿಸುವುದಿಲ್ಲ. ಆದರೆ ಕೋಟನ್ನು ಮನೆಗೆ ಹೋದ ಮೇಲೆ ಎಲ್ಲರೂ ಬಿಚ್ಚಿಡುತ್ತಾರೆ. ಬನ್ನಿ. ನೀವಿಬ್ಬರೂ ಕೆರೆಗೆ ಹೋಗಿ, ನಾನು ಅಂಗಡಿಯಲ್ಲೇ ಇರುತ್ತೇನೆ, ಅಡ್ಡ ಬರುವುದಿಲ್ಲ.

ನಿಮ್ಮ ಕಾಗದ ಓದಲು ಕಷ್ಟವಾಗಲಿಲ್ಲ.

ದರ್ಜಿ


ಜೂನ್ 12

ತಮ್ಮನಿಗೆ,

ನಿಮ್ಮಲ್ಲಿಂದ ಹೊರಟವನು ಮತ್ತೆ ಬಂದರಿನ ಊರು ತಲುಪಿದೆ. ಅಕ್ಷರ ಕ್ಯಾಷಿಯರನದು. ಈಗ ಅವನಿಗೂ ಎಲ್ಲ ಗೊತ್ತು, ನಡುನಡುವೆ ತನ್ನ ಅಭಿಪ್ರಾಯವನ್ನೂ ಹೇಳುತ್ತಿದ್ದಾನೆ. ಅದನ್ನು ಬರೆಯಬೇಡ ಎಂದಿದ್ದೇನೆ.

ಡಾಕ್ಟರರನ್ನು ಕಂಡೆ. ದೊಡ್ಡ ಕಾಯಿಲೆಯಲ್ಲವಂತೆ, ಹಾಗೆಂದು ಬಿಟ್ಟುಹೋಗುವುದೂ ಅಲ್ಲವಂತೆ. ಮಾತ್ರೆ ಕೊಟ್ಟಿದ್ದಾರೆ. ಕ್ರೇನಿನ ಕನಸು ಬೇಡ ಅಂದರು. ಮೆಣಸಿನಕಾಯಿಯ ಅಮ್ಮನಿಗೆ ಹೇಳಿ, ತೋರಿಸಿದಾರಂತೆ ಅಂತ. ಪಾತ್ರೆಗಳು ಉಳಿಯಲಿ.

ಕೆರೆಯ ಹತ್ತಿರ ಏನಾಯಿತೆಂದು ನೀವು ಕೇಳಲಿಲ್ಲ. ಅಂಗಡಿಯಿಂದ ಕತ್ತು ಹೊರಗೆ ಹಾಕಿ ನಾವು ಹೋಗುವುದನ್ನೂ ಬರುವುದನ್ನೂ ನೋಡಿದಿರಿ, ನಾನು ಕಂಡೆ. ಕೇಳದಿದ್ದಕ್ಕೇ ಹೇಳುತ್ತಿದ್ದೇನೆ.

ಅವಳು ಡಬ್ಬಿ ತೆರೆಯುವಾಗ ನಾನೇ ಮುಂದಾಗಿ ಗಾಳ ಎತ್ತಿಕೊಂಡೆ. ಕೈಯ ನಡುಕ ಶುರುವಾಯಿತು. ಅವಳು "ಕೊಡಿ, ಅದು ನನ್ನ ಕೆಲಸ" ಎಂದು ತೆಗೆದುಕೊಂಡಳು. ಅಷ್ಟೇ. ನನ್ನ ಕೈಯನ್ನು ನೋಡಲಿಲ್ಲ, ನೋಡದಿರಲು ಕಷ್ಟವನ್ನೂ ಪಡಲಿಲ್ಲ. ಹೋದ ಸಲ ಬಂದು ಹೋದಮೇಲೆ ಒಂದೂವರೆ ವರ್ಷ ನಾನು ಹೆದರಿದ್ದು ಇಷ್ಟಕ್ಕೇ. ಆಮೇಲೆ ನಾನೇ ಹೇಳಿದೆ, ಕ್ರೇನಿನಿಂದ ಇಳಿದಿದ್ದೇನೆ, ಗೇಟಿನಲ್ಲಿದ್ದೇನೆ ಅಂತ. "ಗೇಟಿಂದ ಹಡಗು ಕಾಣಲ್ವಾ?" ಅಂದಳು. ಕಾಣುತ್ತದೆ ಅಂದೆ. ಸುಳ್ಳಲ್ಲ, ಒಂದು ಮೂಲೆಯಿಂದ ಕಾಣುತ್ತದೆ.

ಬೀಸುವಾಗ ಕೈ ನಡುಗಲಿಲ್ಲ. ದಾರ ಸುಂಯ್ಯನೆ ಹೋಯಿತು. ಅವಳು ಕಾಣದ ಹಾಗೆ ರೀಲನ್ನು ತಿರುಗಿಸಿ ನಿಮ್ಮ ತಪ್ಪು ಹುಡುಕಿದೆ. ಉಗುರಿನಲ್ಲಿ ಒತ್ತಿದರೂ ಗಟ್ಟಿಯಾಗಿತ್ತು. ಅಂಚಿನ ಕೆಳಗೆ ಸರಿಯಾಗಿ ಎರಡು ನಾಣ್ಯ. ಹುಡುಕಿದಷ್ಟೂ ಸಿಟ್ಟು ಬಂತು. ಆಮೇಲೆ ಹೋಯಿತು.

ಇನ್ನೊಂದು ಗಾಳಕ್ಕೆ ಅವಳು ಗಂಟು ಹಾಕುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಎಲ್ಲ ನಾನು ಕಲಿಸಿದ ಹಾಗೇ. ಸುತ್ತಿದಳು, ಬಾಯಲ್ಲಿಟ್ಟು ಒದ್ದೆ ಮಾಡಿದಳು, ನಿಧಾನ ಬಿಗಿದಳು. ಕತ್ತರಿ ಪಕ್ಕದಲ್ಲೇ ಇತ್ತು. ಅವಳು ಅದನ್ನು ಮುಟ್ಟದೆ, ಹೆಚ್ಚಿನ ದಾರವನ್ನು ಹಲ್ಲಿನಲ್ಲಿ ಕಡಿದು ಪಕ್ಕಕ್ಕೆ ಉಗುಳಿದಳು. ಅದನ್ನು ನಾನು ಕಲಿಸಿರಲಿಲ್ಲ.

ಆ ಹೊತ್ತಿಗೆ ಎದೆಗೆ ಏನೋ ಚುಚ್ಚಿದಂತಾಯಿತು, ಮುಚ್ಚಿಡುವುದಿಲ್ಲ. ಮೀನು ಕಚ್ಚಿತು, ಚಿಕ್ಕದು. ಅವಳೇ ಎಳೆದು, ಬಿಡಿಸಿ, ನೀರಿಗೆ ಬಿಟ್ಟಳು.

ಆದರೆ ನೈಲಾನ್ ಕಡಿದರೆ ಮುಂದಿನ ಹಲ್ಲು ಸವೆಯುತ್ತದೆ. ಬೇಡವೆಂದು ಹೇಳಿ ಅವಳಿಗೆ. ನಾನು ಹೇಳಬಹುದಿತ್ತು. ನೀವೇ ಹೇಳಿ, ನೀವು ಹೇಳಿದರೆ ಕೇಳುತ್ತಾಳೆ.

ಅಣ್ಣ